ಕೊಟ್ಟಿಗೆಯಲ್ಲಿ ಯಾರ ಸದ್ದು

ಮಾತಾಡಬೇಡಿ ಅಂತ ಡಾಕ್ಟರು ಹೇಳಿದಾಗ ನಾನು ಹೂಂ ಅಂದೆ. ಅದಕ್ಕೇ ಬೈಸಿಕೊಂಡೆ.

“ಅಜ್ಜಿ, ಹೂಂ ಅನ್ನೋದೂ ಬೇಡ, ಊಹೂಂ ಅನ್ನೋದೂ ಬೇಡ. ಪಿಸುಗುಟ್ಟೋದಂತೂ ಬೇಡವೇ ಬೇಡ. ಕೆಮ್ಮು ಬಂದ್ರೆ ನೀರು ಕುಡಿದು ನುಂಗ್ಬಿಡಿ.”

ಹೂಂ ಅನ್ನುವುದೂ ಮಾತಿನ ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮಾತಾಡಲು ಮನಸ್ಸಿಲ್ಲದಾಗ ಅನ್ನುವುದಲ್ಲವೇ ಅದು? ನಮ್ಮ ಯಜಮಾನರು ಬದುಕಿದ್ದಷ್ಟು ಕಾಲ ನನ್ನ ಜೊತೆ ಹೂಂ ಬಿಟ್ಟು ಬೇರೆ ಆಡಿದ್ದೇ ಕಮ್ಮಿ. ಬೆಳಿಗ್ಗೆ ಎದ್ದು ಹೂಂ ಅಂದರೆ ಕಾಫಿ ಕೊಡು ಅಂತ. ಮುದ್ದೆ ಮುರಿದು ಹೂಂ ಅಂದರೆ ಸಾರಿಗೆ ಉಪ್ಪು ಸಾಲದು ಅಂತ. ನಾನು ತವರಿಗೆ ಹೋಗುತ್ತೇನೆ ಅಂದಾಗ ಒಂದು ಹೂಂ ಬರುತ್ತಿತ್ತು, ಅದಕ್ಕೆ ಹೋಗಬೇಡ ಅಂತ ಅರ್ಥ. ಅದಕ್ಕೊಂದು ಕಾಗುಣಿತ ಅಂತ ಇರಲಿಲ್ಲ. ನಾನು ಯಾವತ್ತೂ ತಪ್ಪು ತಿಳಿದವಳಲ್ಲ. ಗೊತ್ತಿದ್ದೂ ತವರಿಗೆ ಹೋಗುತ್ತಿದ್ದೆ, ಅದು ಬೇರೆ ವಿಷಯ.

ನನ್ನ ಗಂಟಲೊಳಗೆ ಒಂದು ಗುಳ್ಳೆ ಎದ್ದಿತ್ತು. ಅದನ್ನು ತೆಗೆದಿದ್ದರು. ಯಾತಕ್ಕೆ ಎದ್ದಿದೆ ಅಂತ ಡಾಕ್ಟರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು.

“ಕೋಳಿ ಕಂಡ್ರೂ ಕೂಗ್ತದೆ ಸಾ ನಮ್ಮವ್ವ, ಕೋತಿ ಕಂಡ್ರೂ ಕೂಗ್ತದೆ. ಟೀವಿ ಒಳಗಿರೋ ಸೊಸೇರ್ಗೂ ಬುದ್ಧಿ ಯೋಳ್ತದೆ. ಇನ್ನೇನು ಗಂಟ್ಲು ಉಳಿದದಾ?”

ನನಗೆ ಉತ್ತರ ಕೊಡಲು ಬಾಯಿಲ್ಲದ ದಿನ ನೋಡಿಕೊಂಡೇ ಆಡಿದಳು.

ಮನೆಗೆ ಬಂದ ಮೇಲೆ ಮಗ ಇನ್ನೊಂದು ತೀರ್ಪು ಕೊಟ್ಟ. “ಅವ್ವ, ಮುಳ್ಳೂರಲ್ಲಿದ್ರೆ ನೀನು ಬಾಯ್ ಮುಚ್ಕಂಡು ಇರಾಕಿಲ್ಲ. ಯಳಂದೂರ್ಗೆ ಓಗಿ ಅಕ್ಕನ ಮನೇಲಿ ಇರು. ಅಲ್ಲಿ ಕೋಳೀನೂ ಇಲ್ಲ, ಕೋತೀನೂ ಇಲ್ಲ.”

ಸೊಸೆಯೂ ಇಲ್ಲ ಅಂತ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ. ಹೀಗೆ ನಾನು ನನ್ನ ಮನೆ, ನನ್ನ ಕೊಟ್ಟಿಗೆ, ಆಗ ತಾನೇ ಕರು ಹಾಕಿ ಹಾಲು ಕೊಡುತ್ತಿದ್ದ ನನ್ನ ಕೆಂದು ಹಸು ಎಲ್ಲವನ್ನೂ ಸೊಸೆಯ ಕೈಗೆ ಬಿಟ್ಟು ಯಳಂದೂರಿನ ಮಗಳ ಮನೆಯ ಸೋಫಾದ ಮೇಲೆ ಕುಳಿತುಕೊಳ್ಳಬೇಕಾಯಿತು.

ಅಲ್ಲಿ ಮಗಳ ಮಗಳು, ಕಾಲೇಜಿಗೆ ಹೋಗುವವಳು, ನನ್ನ ಕೈಗೆ ಫೋನು ಕೊಟ್ಟು ಬೆರಳಲ್ಲಿ ಮಾತಾಡುವುದನ್ನು ಕಲಿಸಲು ಕುಳಿತಳು.

“ಇಲ್ಲಿ ಒತ್ತಜ್ಜಿ. ಅಯ್ಯೋ, ಒತ್ತು ಅಂದ್ರೆ ಒನಕೇಲಿ ಕುಟ್ಟಿದಂಗಲ್ಲ. ಮೆತ್ಗೆ ಮುಟ್ಟು.”

ಮೆತ್ತಗೆ ಮುಟ್ಟಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಬೆರಣಿ ತಟ್ಟಿ ತಟ್ಟಿ ಸವೆದ ಬೆರಳನ್ನು ಅದು ಬೆರಳು ಅಂತಲೇ ಒಪ್ಪುವುದಿಲ್ಲ. ಜೋರಾಗಿ ಒತ್ತಿದರೆ ಕೇಳದ್ದನ್ನೆಲ್ಲ ಕೊಡುತ್ತದೆ. ಮೊದಲ ದಿನ ಮಗ ‘ಊಟ ಆಯ್ತಾ ಅವ್ವ’ ಅಂತ ಬರೆದ. ಹೂಂ ಅಂತ ಉತ್ತರ ಕೊಡೋಣ ಅಂತ ಹೂ ಒತ್ತಿದೆ. ಮಿಕ್ಕಿದ್ದನ್ನು ಫೋನೇ ಊಹಿಸಿ ‘ಹೂಕೋಸು’ ಅಂತ ಕಳಿಸಿಬಿಟ್ಟಿತು. ಮಗ ತಕ್ಷಣ ಬರೆದ: ‘ಹೂಕೋಸು ಯಾಕೆ ತಿಂದೆ, ವಾಯು ಆಗುತ್ತೆ.’

ಉದ್ದ ಬರೆದರೆ ತಾನೇ ಈ ಕಷ್ಟ ಅಂತ ಮೊಮ್ಮಗಳು ಹ್ಮ್ ಅಂತ ಬರೆಯುವುದನ್ನು ತೋರಿಸಿದಳು. ಮಾರನೆಯ ದಿನ ಮಗ ‘ಮಾತ್ರೆ ತಕಂಡ್ಯಾ’ ಅಂತ ಕೇಳಿದಾಗ ಹಾಗೇ ಬರೆದೆ. ಮಗ ನನಗೆ ಬರೆಯಲಿಲ್ಲ. ಮಗಳಿಗೆ ಫೋನು ಮಾಡಿದ.

“ಅಕ್ಕ, ಅವ್ವಂಗೆ ಯಾಕೆ ನನ್ ಮ್ಯಾಲೆ ಕ್ವಾಪ?”

ಕೋಪ ಎಲ್ಲಿಂದ ಬಂತು? ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. “ಒಂದು ಮ್ ಆಕುದ್ರೆ ಕೋಪ ಕಣಜ್ಜಿ. ಎರಡು ಆಕುದ್ರೆ ಯೋಚ್ನೆ. ಸಾಲಾಗಿ ಆಕುದ್ರೆ ಖುಷಿ.”

ಯಾರು ಮಾಡಿದ ಕಾನೂನು ಇದು ಅಂತ ಬರೆದು ತೋರಿಸಿದೆ.

“ಎಲ್ಲಾರ್ಗೂ ಗೊತ್ತು.”

ನನಗೆ ಗೊತ್ತಿಲ್ಲವಲ್ಲ! ನಾವು ಚಿಕ್ಕವರಿದ್ದಾಗ ನಮ್ಮಜ್ಜಿ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಕತೆ ಮುಂದಕ್ಕೆ ಹೋಗುತ್ತಿರಲಿಲ್ಲ. ರಾಜಕುಮಾರಿ ಕಾಡಿನಲ್ಲೇ ನಿಂತಿರುತ್ತಿದ್ದಳು. ನಿದ್ದೆಗಣ್ಣಿನ ಹೂಂ ಯಾವುದು, ಭಯದ ಹೂಂ ಯಾವುದು, ಸುಮ್ಮನೆ ಬೊಗಳೆ ಹೂಂ ಯಾವುದು ಅಂತ ಕತ್ತಲಲ್ಲೇ ನಮ್ಮಜ್ಜಿಗೆ ತಿಳಿಯುತ್ತಿತ್ತು. ಈಗ ಅದನ್ನು ಇಂಗ್ಲಿಷಿನವರು ಅವರ ಅಕ್ಷರದಲ್ಲಿ ಬರೆದುಕೊಂಡು, ಅದು ತಿರುಗಿ ಕನ್ನಡಕ್ಕೆ ಬರುವಷ್ಟರಲ್ಲಿ ದೀರ್ಘ ಹೋಯಿತು, ಸೊನ್ನೆ ಹೋಯಿತು, ಮೂಗು ಹೋಯಿತು, ಉಳಿದದ್ದು ಕೋಪ ಒಂದೇ.

ಇದು ನಮ್ಮ ಮನೆಗೆ ಹೊಸ ರೋಗವೂ ಅಲ್ಲ. ಮಗನ ಚಿಕ್ಕ ಕೂಸಿಗೆ ನಾಯಿ ಹೇಗೆ ಬೊಗಳುತ್ತೆ ಅಂತ ಕೇಳಿದರೆ ಬೌ ಬೌ ಅನ್ನಬೇಕು ಅಂತ ನಾನು ಕಲಿಸಿದ್ದೆ. ಸೊಸೆ ಕೌದಳ್ಳಿಯಿಂದ ಆಚೆ, ಮನೆಯೊಳಗೆ ತಮಿಳು, ಅಂಗಡಿಯಲ್ಲಿ ಕನ್ನಡ ಆಡುವ ಊರಿನವಳು. ಅವಳು ಅವಳಮ್ಮನಿಂದ ಕಲಿತದ್ದು ಲೊಳ್ ಲೊಳ್. ನರ್ಸರಿಗೆ ಸೇರಿಸಿದ ಮೇಲೆ ಇಂಗ್ಲಿಷ್ ಪುಸ್ತಕದ ನಾಯಿ ವೂಫ್ ಅಂದಿತು. ಈಗ ಆ ಕೂಸನ್ನು ಕೇಳಿದರೆ, “ಯಾವ ನಾಯಿ ಅಜ್ಜಿ?” ಅನ್ನುತ್ತದೆ. ನಮ್ಮ ಮನೆಯ ನಾಯಿ ಇದ್ಯಾವುದನ್ನೂ ಓದಿಲ್ಲ. ಡೈರಿಗೆ ಹಾಲು ಹಾಕಲು ಹೋಗುವವರನ್ನು ಕಂಡರೆ ತನಗೆ ತೋಚಿದಂತೆ ಬೊಗಳುತ್ತದೆ.

ನಾಯಿಯ ವಿಷಯದಲ್ಲಿ ನಾನು ಸೋಲಲು ಸಿದ್ಧ. ಹಸುವಿನ ವಿಷಯ ಹಾಗಲ್ಲ.

ಕೆಂದು ಹಸು ಬಂದದ್ದು ಸೊಸೆಯ ತವರಿನ ಕಡೆಯಿಂದ. ಅವಳ ಅಣ್ಣನೇ ನೋಡಿ, ಗಬ್ಬದ ಹಸು, ಸಾಧು, ಅಂತ ಗೂಡ್ಸ್ ಆಟೋದಲ್ಲಿ ಕಳಿಸಿದ್ದ. ಹಣೆಯ ಮೇಲೆ ಬಿಳಿ ಬೊಟ್ಟು, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು. ಆಟೋದಿಂದ ಇಳಿಯಲು ಹೆದರಿ ನಾಲ್ಕು ಕಾಲನ್ನೂ ಊರಿ ನಿಂತುಬಿಟ್ಟಿತು. ಮಗ ಹಗ್ಗ ಎಳೆದ, ಡ್ರೈವರು ಹಿಂದಿನಿಂದ ದಬ್ಬಿದ, ಏನೂ ಆಗಲಿಲ್ಲ. ಆಗ ಸೊಸೆ ಮುಂದೆ ಬಂದು ತುಟಿ ಸೇರಿಸಿ ಅದುರಿಸಿ ಒಂದು ಸದ್ದು ಮಾಡಿದಳು. ಹಸು ಕಿವಿ ನಿಮಿರಿಸಿ, ಬೀಗಿತ್ತಿ ಬಂದ ಹಾಗೆ ಗಂಭೀರವಾಗಿ ಇಳಿದು ಬಂತು.

“ಅದೇನಮ್ಮಿ ಅದು, ಬಾಯಲ್ಲಿ ಮೋಟ್ರು ಬುಟ್ಟಂಗೆ?” ಅಂದೆ.

“ನಮ್ಮೂರಲ್ಲಿ ಅಸೀನ ಇಂಗೇ ಕರೆಯದು ಅತ್ತೆ. ಆಲು ಕರೆಯುವಾಗ್ಲೂ ಇದೇಯ. ನಮ್ಮಮ್ಮ ಮಾಡ್ತಿತ್ತು.”

“ಇದು ನಿಮ್ಮೂರಲ್ಲ ಕಣವ್ವ. ನನ್ ಕೊಟ್ಗೇಲಿ ನನ್ ಸದ್ದು. ಎಲ್ಡೆಲ್ಡು ಸದ್ದು ಕೇಳುದ್ರೆ ಅಸಕ್ಕೆ ತಲೆ ಕೆಡ್ತದೆ.”

ಸೊಸೆ ಹೂಂ ಅಂದಳು. ಆ ಹೂಂಗೆ ಏನು ಅರ್ಥ ಅಂತ ಯಾವ ಅತ್ತೆಯೂ ಕೇಳಬೇಕಾಗಿಲ್ಲ.

ನನ್ನ ಸದ್ದು ನಮ್ಮತ್ತೆಯಿಂದ ಬಂದದ್ದು. ಕೂಸನ್ನು ತೊಟ್ಟಿಲಲ್ಲಿ ಮಲಗಿಸುವಾಗ ಎದೆಯಿಂದ ಒಂದು ಗುನುಗು ಬರುತ್ತದಲ್ಲ, ಅದು. ಕರುವನ್ನು ಒಂದಷ್ಟು ಹೊತ್ತು ಬಿಟ್ಟು, ಎಳೆದು ಪಕ್ಕಕ್ಕೆ ಕಟ್ಟಿ, ಹಸುವಿನ ಪಕ್ಕೆಗೆ ಹಣೆ ಒತ್ತಿ, ಮೂಗಿನಿಂದ ಉದ್ದಕ್ಕೆ ಎಳೆಯಬೇಕು. ನಡುನಡುವೆ ನಾಲಿಗೆಯಲ್ಲಿ ಒಂದು ಲೊಚಕ್. ನನ್ನ ಗುನುಗು ಹಸುವಿನ ಪಕ್ಕೆಯೊಳಗೆ ಹೋಗಿ ನನ್ನ ಹಣೆಗೇ ವಾಪಸು ಬರುತ್ತದೆ. ಆಗ ಹಾಲು ಇಳಿಯುತ್ತದೆ. ಕರು ಹಾಕಿದ ಮೇಲೆ ಕೆಂದು ಹಸುವಿಗೆ ಇದನ್ನು ಕಲಿಸಲು ನನಗೆ ಎಷ್ಟು ಒದೆ ಬಿತ್ತೋ ನನಗೇ ಗೊತ್ತು. ಕಲಿಯಿತು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಗುನುಗಿದರೆ ಸಾಕು, ಮೆಲುಕು ನಿಲ್ಲಿಸಿ ಕಾಯುವಷ್ಟು ಕಲಿಯಿತು.

ಯಳಂದೂರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಮಗ ಫೋನು ಮಾಡಿದ. ಮಗಳು ಸ್ಪೀಕರಿಗೆ ಹಾಕಿದಳು.

“ಅವ್ವ, ಅಸ ಆಲು ಇಳಿಸ್ತಿಲ್ಲ. ಕರೂಗೆ ಬುಡ್ತದೆ. ಇವಳು ಕೈ ಇಟ್ಟೇಟ್ಗೆ ಮ್ಯಾಕ್ಕೆ ಎಳ್ಕತದೆ, ಒದೀತದೆ. ಇವಳ ಮೊಣಕಾಲು ಊದ್ಕಂಡದೆ.”

ಹೊಸ ಕೈ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಅಂದುಕೊಂಡೆ. ಸರಿಹೋಗಲಿಲ್ಲ. ಮುಂದಿನ ಫೋನಿನಲ್ಲಿ ಮಗನ ದನಿಯೇ ಬೇರೆಯಾಗಿತ್ತು.

“ಕೆಚ್ಚಲು ಗಟ್ಟಿ ಆಯ್ತಾ ಅದೆ. ದನದ ಡಾಕ್ಟ್ರು ಬಂದು ನೋಡುದ್ರು. ಕರು ಕುಡ್ದು ಮಿಕ್ಕುದ್ದು ಒಳಗೇ ನಿಂತ್ಕತದೆ, ಪೂರ್ತಿ ಇಳಿಸ್ಲಿಲ್ಲ ಅಂದ್ರೆ ಬಾವು ಬತ್ತದೆ ಅಂದವ್ರೆ. ಇನ್ನೊಂದೆಲ್ಡು ದಿನ ನೋಡ್ತೀನಿ ಅವ್ವ. ಆಗ್ನಿಲ್ಲ ಅಂದ್ರೆ ಬಾಮೈದಂಗೆ ಯೋಳಿ ಆಟೋ ತರುಸ್ತೀನಿ. ಅಲ್ಲಿಗೇ ಓಗ್ಲಿ, ಬದುಕ್ಕಂಡ್ರೆ ಸಾಕು.”

ಅಲ್ಲಿಗೇ ಹೋಗಲಿ ಅಂತೆ! ನನ್ನ ಹಸು! ಕಾಡಿಗೆ ಕಣ್ಣು ಬಿಟ್ಟುಕೊಂಡು ಆಟೋ ಹತ್ತುವುದು ಕಣ್ಣ ಮುಂದೆ ಬಂತು. ಬಾಯಿ ತೆರೆದೆ. ಮಗಳು ತಟ್ಟನೆ ನನ್ನ ಬಾಯಿ ಮೇಲೆ ಕೈ ಇಟ್ಟಳು. ಹುಟ್ಟಿದಾಗಿನಿಂದ ಅವಳಿಗೆ ಈ ಆಸೆ ಇದ್ದಿರಬೇಕು.

ಫೋನು ತೆಗೆದುಕೊಂಡೆ. ಸೊಸೆ ಕೆಚ್ಚಲಿಗೆ ಕೈ ಇಟ್ಟಾಗ ನನ್ನ ಸದ್ದು ಮಾಡಬೇಕು, ಅಷ್ಟೇ ತಾನೇ. ಬರೆಯುತ್ತೇನೆ, ಮಾಡಲಿ. ಬರೆಯಲು ಕುಳಿತ ಮೇಲೆ ಗೊತ್ತಾಯಿತು, ಆ ಸದ್ದಿಗೆ ನಮ್ಮತ್ತೆ ನನಗೆ ಅಕ್ಷರ ಕೊಟ್ಟಿರಲಿಲ್ಲ. ನನ್ನ ಹಣೆಯನ್ನು ಹಿಡಿದು ಹಸುವಿನ ಪಕ್ಕೆಗೆ ಒತ್ತಿದ್ದರು, ಅಷ್ಟೇ. ಕೊನೆಗೆ ಹೂ ಬರೆದು, ಮುಂದೆ ಸೊನ್ನೆಗಳನ್ನು ಸಾಲಾಗಿ ಸುತ್ತಿ, ಕೊನೆಗೆ ಲೊಚ್ ಅಂತ ಸೇರಿಸಿದೆ. ನೋಡಿದರೆ ಹೂವಿನ ಹಿಂದೆ ಕಡಲೆಕಾಳು ಚೆಲ್ಲಿದ ಹಾಗಿತ್ತು. ಹೂಕೋಸು ಬರಲಿಲ್ಲವಲ್ಲ ಅಂತ ಕಳಿಸಿದೆ.

ಸಂಜೆ ಮಗ ವಿಡಿಯೋ ಕಳಿಸಿದ. ಅದರಲ್ಲಿ ನನ್ನ ಸೊಸೆ ಒಂದು ಕೈಯಲ್ಲಿ ಹಾಲಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಹಸುವಿನ ಮುಖದ ಮುಂದೆ ನೆಟ್ಟಗೆ ನಿಂತು ಓದುತ್ತಿದ್ದಾಳೆ.

“ಹೂಂ. ಹೂಂ. ಹೂಂ. ಲೊಚ್ಚು.”

ಮಗ್ಗಿ ಒಪ್ಪಿಸುವ ಹಾಗೆ! ಗಣತಿಗೆ ಬಂದವರನ್ನು ನೋಡುವ ಹಾಗೆ ಹಸು ಅವಳನ್ನು ನೋಡಿತು. ಆಮೇಲೆ ಬಾಲ ಎತ್ತಿ ಸಗಣಿ ಹಾಕಿತು. ಅವಳು ಪಾಪ, ಬಿಡದೆ ಮತ್ತೆ ಮೊದಲಿಂದ ಓದಿದಳು. ನಾನು ಬರೆದದ್ದರಲ್ಲಿ ಒಂದಕ್ಷರ ಬಿಡಲಿಲ್ಲ. ಅತ್ತೆಯ ಮಾತನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸುವವಳನ್ನು ಏನಂತ ಬೈಯುವುದು?

‘ಓದಬ್ಯಾಡ ಕಣಮ್ಮಿ ಗುನುಗು’ ಅಂತ ಬರೆದೆ.

‘ಎಷ್ಟು ಉದ್ದ ಅತ್ತೆ?’ ಅಂತ ಬಂತು.

ಉಸಿರು ಇರುವಷ್ಟು ಅಂತ ಬರೆದೆ. ‘ಮೂಗಲ್ಲಾ ಗಂಟಲಲ್ಲಾ?’ ಅಂತ ಬಂತು. ಎದೆಯಲ್ಲಿ ಅಂತ ಬರೆದೆ. ‘ಎದೇಲಿ ಎಂಗೆ ಅತ್ತೆ?’ ಅಂತ ಬಂತು. ಮೊಮ್ಮಗಳು ಮಧ್ಯೆ ಬಾಯಿ ಹಾಕಿ, ಹೂವಿನ ಹಾರ, ಹಸುವಿನ ಮುಖ, ಮುತ್ತು ಕೊಡುವ ತುಟಿ, ಎಲ್ಲದರ ಚಿತ್ರ ಹಾಕಿ ಕಳಿಸಿದಳು. ಅದನ್ನು ನೋಡಿ ಮಗ, ‘ಹಸುವಿಗೆ ಹಾರ ಹಾಕಬೇಕಾ’ ಅಂತ ಕೇಳಿದ.

ಆಮೇಲೆ ಅವನೇ ಬುದ್ಧಿವಂತಿಕೆ ಮಾಡಿದ. ಫೋನಿನಲ್ಲಿ ಯಾವುದೋ ಊರಿನಲ್ಲಿ ಯಾರೋ ಹೆಂಗಸು ಹಾಲು ಕರೆಯುತ್ತಾ ಬಾಯಲ್ಲಿ ಸದ್ದು ಮಾಡುವ ವಿಡಿಯೋ ಹುಡುಕಿ, ಕೊಟ್ಟಿಗೆಯಲ್ಲಿ ಜೋರಾಗಿ ಹಾಕಿದನಂತೆ. ಆ ಹೆಂಗಸು ಸದ್ದು ಮಾಡುವ ಮೊದಲು ಪಶು ಆಹಾರದ ಜಾಹೀರಾತು ಢಂ ಅಂತ ಶುರುವಾಗಿ, ಹಸು ಗೂಟ ಕಿತ್ತುಕೊಂಡು ಹಿತ್ತಲಿಗೆ ಓಡಿತಂತೆ.

ಇವರನ್ನು ನಂಬಿದರೆ ಹಸು ಉಳಿಯುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಮಧ್ಯಾಹ್ನ ಮಗಳು ಮಲಗಿದ್ದಾಗ ಫೋನು ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದರೆ ದನಿ ಹೋಗುತ್ತದೆ ಅಂತ ನೋಡಿಟ್ಟುಕೊಂಡಿದ್ದೆ. ಒಂದೇ ಒಂದು ಗುನುಗು. ಡಾಕ್ಟರಿಗೇನು ತಿಳಿಯುತ್ತದೆ? ಕಣ್ಣು ಮುಚ್ಚಿ, ಬಚ್ಚಲ ಗೋಡೆಯನ್ನೇ ಹಸುವಿನ ಪಕ್ಕೆ ಅಂದುಕೊಂಡು ಹಣೆ ಒತ್ತಿ, ಎಳೆದೆ.

ಬಂದದ್ದು ಗುನುಗಲ್ಲ. ಎಣ್ಣೆ ಕಾಣದ ಬಾವಿ ರಾಟೆ ತಿರುಗಿದ ಹಾಗೆ ಕಿರ್ ಅಂತು, ಅಲ್ಲಿಗೇ ನಿಂತಿತು. ಗಂಟಲೊಳಗೆ ಹಸಿಮೆಣಸಿನಕಾಯಿ ಸೀಳಿ ಇಟ್ಟ ಹಾಗಾಯಿತು. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು.

“ಅವ್ವಾ!” ಮಗಳು ಬಾಗಿಲು ಬಡಿದಳು. “ಏನ್ ಮಾಡ್ತಾ ಇದ್ದೀಯೆ ಒಳಗೆ? ಕಪ್ಪೆ ಸೇರ್ಕಂಡದಾ?”

ಕಪ್ಪೆಯಲ್ಲ, ನಾನೇ. ಅವತ್ತು ಸಂಜೆ ಗಂಜಿಯೂ ಇಳಿಯಲಿಲ್ಲ. ಮಗಳು ಬೈಯಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು. ಪಕ್ಕದಲ್ಲಿ ಕುಳಿತು ಬೆನ್ನು ನೀವಿದಳು.

“ಅಸ ಓದ್ರೆ ಇನ್ನೊಂದು ತರ್ಬೋದು ಕಣವ್ವ. ಗಂಟ್ಲು ಓದ್ರೆ ಎಲ್ಲಿಂದ ತರದು?”

ನಾನು ಫೋನಿನಲ್ಲಿ ಬರೆದು ತೋರಿಸಿದೆ. ‘ನಾಳೆ ಮುಳ್ಳೂರಿಗೆ ಕರಕಂಡು ಓಗು. ಬಾಯಿ ಬುಡದಿಲ್ಲ. ಪಕ್ಕದಲ್ಲಿ ನಿಂತ್ಕತೀನಿ. ನನ್ ವಾಸನೆಗಾದರೂ ಇಳಿಸ್ತದೆ.’

ಈ ಸಲ ಫೋನು ಒಂದಕ್ಷರವನ್ನೂ ಬದಲಾಯಿಸಲಿಲ್ಲ. ಅದಕ್ಕೂ ಭಯವಾಗಿರಬೇಕು.

ಮಾರನೆಯ ದಿನ ಮಧ್ಯಾಹ್ನ ಕೊಳ್ಳೇಗಾಲದ ಬಸ್ಸು ಹತ್ತಿದೆವು. ಕಂಡಕ್ಟರು ಎಲ್ಲಿಗೆ ಅಂದಾಗ, ಬರೆದಿಟ್ಟುಕೊಂಡಿದ್ದ ಫೋನನ್ನು ಅವನ ಮುಖಕ್ಕೆ ಹಿಡಿದೆ. ಬಾಯಿಂದ ಮಾತಾಡದವರಿಗೆ ಕಿವಿಯೂ ಕೇಳುವುದಿಲ್ಲ ಅಂತ ಲೋಕವೇ ತೀರ್ಮಾನ ಮಾಡಿದೆ. ಅವನು ಬಗ್ಗಿ ನನ್ನ ಕಿವಿಯಲ್ಲೇ ಕೂಗಿದ.

“ಅಜ್ಜೀ! ಆಧಾರ್ ಕಾರ್ಡೂ! ತೋರ್ಸೀ!”

“ಕಿವಿ ನೆಟ್ಟಗದೆ ಕಣಣ್ಣ,” ಅಂದಳು ಮಗಳು. “ಬಾಯಿ ಒಂದೇ ಬಂದ್ ಆಗಿರದು.”

“ಬಾಯಿ ಬಂದಾ? ಮನೇಲಿರೋರು ಪುಣ್ಯ ಮಾಡವ್ರೆ ಬುಡಮ್ಮ!”

ಇಡೀ ಬಸ್ಸು ನಕ್ಕಿತು. ನಾನು ಅವನನ್ನು ದುರುಗುಟ್ಟಿ ನೋಡಿ ಲೊಚ್ ಅಂದೆ. ನಾಲಿಗೆಗೆ ಡಾಕ್ಟರು ಬೀಗ ಹಾಕಿರಲಿಲ್ಲ. ನಮ್ಮ ಕೇರಿಯಲ್ಲಿ ಹಾಗೆ ಲೊಚ್ ಅಂದರೆ ಹೋಗಲೋ ಮೂದೇವಿ ಅಂತ. ಅವನ ಊರಿನಲ್ಲಿ ಏನೋ, ಅಜ್ಜಿಗೆ ಎಲ್ಲೋ ನೋಯುತ್ತಿದೆ ಅಂದುಕೊಂಡು ಮುಂದಿನ ಸೀಟಿನ ಹುಡುಗಿಯರನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ಬೈದರೆ ಸೀಟು ಸಿಗುವ ಹಾಗಿದ್ದರೆ ಇಷ್ಟು ವರ್ಷ ನಿಂತುಕೊಂಡು ಓಡಾಡುತ್ತಲೇ ಇರಲಿಲ್ಲ.

ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ. ಒಂದರ ಹಿಂದೆ ಒಂದು, ಸೋಮಾರಿ ಮದುವೆ ದಿಬ್ಬಣದ ಹಾಗೆ. ಬಸ್ಸು ಅವುಗಳ ಹಿಂದೆ ಬಿದ್ದು ತೆವಳಿತು. ಅಷ್ಟರಲ್ಲಿ ಮಗನ ಮೆಸೇಜು ಬಂತು: ‘ಆಟೋ ನಾಳೆ ಬೆಳಿಗ್ಗೆ ಬರುತ್ತೆ. ಬೇಜಾರು ಮಾಡ್ಕಬೇಡ.’ ನಾವು ಬರುವುದನ್ನು ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದ. ನಾನು ಮುಂದಿನ ಸೀಟಿನ ಕಂಬಿ ಹಿಡಿದು, ಬಸ್ಸನ್ನು ಮನಸ್ಸಿನಲ್ಲೇ ತಳ್ಳುತ್ತಾ ಕುಳಿತೆ. ಕೊಳ್ಳೇಗಾಲದಲ್ಲಿ ಇಳಿದು, ಮುಳ್ಳೂರಿನ ಬಸ್ಸು ಹಿಡಿದು ಮನೆ ಸೇರುವಾಗ ಹಾಲು ಕರೆಯುವ ಹೊತ್ತಾಗಿತ್ತು.

ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲಿನಿಂದ ಕೊಟ್ಟಿಗೆಗೆ ನಡೆದೆ. ಹತ್ತಿರ ಹೋಗುತ್ತಲೇ ಒಳಗಿನಿಂದ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳಿತು. ಸರ್, ಸರ್, ಸರ್. ತಳ ಮುಚ್ಚಿ, ನೊರೆಯ ಮೇಲೆ ಬೀಳುವಾಗ ಬರುತ್ತದಲ್ಲ, ಆ ದಪ್ಪ ಸದ್ದು. ಅದರ ಮೇಲೆ ಇನ್ನೊಂದು ಸದ್ದು. ತುಟಿ ಅದುರಿಸುವ ಸದ್ದು. ಬಾಯಲ್ಲಿ ಬಿಟ್ಟ ಮೋಟ್ರು.

ಬಾಗಿಲಲ್ಲಿ ನಿಂತೆ. ಸೊಸೆ ಹಸುವಿನ ಪಕ್ಕೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ಕರೆಯುತ್ತಿದ್ದಳು. ಹಸು ಕಿವಿಯನ್ನು ಹಿಂದಕ್ಕೆ ಮಡಿಸಿ, ಕಾಡಿಗೆ ಕಣ್ಣನ್ನು ಅರ್ಧ ಮುಚ್ಚಿ ನಿಂತಿತ್ತು. ಯಾವತ್ತಾದರೂ ನನ್ನ ಗುನುಗಿಗೆ ಹಾಗೆ ನಿಂತಿತ್ತಾ? ಇರಲಿ.

ಸೊಸೆ ಕಣ್ಣು ಬಿಟ್ಟಳು. ನನ್ನನ್ನು ಕಂಡಳು. ತುಟಿ ಹಾಗೇ ನಿಂತುಹೋಯಿತು.

“ಅತ್ತೆ… ಅದು… ನಾಳೀಕೆ ಆಟೋ ಬತ್ತದೆ ಅಂದ್ರು. ನಮ್ಮಣ್ಣಂಗೂ ಫೋನ್ ಮಾಡ್ಬುಟ್ಟವ್ರೆ. ನೀವ್ ಬರ್ದಿದ್ದುದ್ನ ಎಂಗೆಂಗೆ ಓದುದ್ರೂ ಆಗ್ನಿಲ್ಲ. ಅದ್ಕೆ ಒಂದ್ಸಲ…”

ಸದ್ದು ನಿಂತ ಕೂಡಲೇ ಹಸುವಿನ ಕಣ್ಣು ಪೂರ್ತಿ ತೆರೆಯಿತು. ಹಾಲು ಸಣ್ಣ ಎಳೆಯಾಗಿ, ಹನಿಯಾಗಿ, ನಿಂತಿತು. ಹಿಂಗಾಲು ಬಕೆಟ್ಟಿನ ಪಕ್ಕದಲ್ಲಿ ಎದ್ದಿತು. ಕೆಚ್ಚಲಿನಲ್ಲಿ ಇನ್ನೂ ಅರ್ಧಕ್ಕೆ ಅರ್ಧ ಇತ್ತು, ಬಿಗಿದು ಹೊಳೆಯುತ್ತಿತ್ತು.

ಮಾಡು, ನಿಲ್ಲಿಸಬೇಡ ಅಂತ ನಾನು ಕೈ ತಿರುಗಿಸಿ ತೋರಿಸಿದೆ. ಎದ್ದು ಆಚೆ ಹೋಗು ಅಂದೆ ಅಂದುಕೊಂಡು ಅವಳು ಎದ್ದಳು. ಅಯ್ಯೋ, ಅಲ್ಲ ಅಂತ ತಲೆ ಕೊಡವಿದೆ. ಅವಳು ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ಹಿಂದೆ ನಿಂತ ನನ್ನ ಮಗಳು ಉರಿಯುವ ಒಲೆಗೆ ಸೌದೆ ಹಾಕಿದಳು.

“ಅವ್ವ ಏನೋ ಬೈತಾ ಅದೆ, ನೀನು ಸುಮ್ನೆ ಈಚೆ ಬಂದ್ಬುಡಮ್ಮಿ!”

ನಾನು ಬೈಯುತ್ತಿರಲಿಲ್ಲ! ಬದುಕಿನಲ್ಲಿ ಒಂದು ಸಲ, ಒಂದೇ ಒಂದು ಸಲ, ಸೊಸೆಯನ್ನು ಬೈಯದೆ ನಿಂತಿದ್ದೆ. ಅದನ್ನು ಹೇಳಲು ಬಾಯಿ ಇರಲಿಲ್ಲ. ಫೋನು ತೆಗೆದೆ. ಮಾ ಒತ್ತಿದೆ. ಅದು ಮಾವಿನಕಾಯಿ ಬೇಕೇ ಅಂತು. ಹಸು ಕಾಲನ್ನು ಇನ್ನಷ್ಟು ಎತ್ತಿತು.

ಫೋನನ್ನು ಸೆರಗಿಗೆ ತುರುಕಿಕೊಂಡು, ಎರಡೂ ತುಟಿ ಸೇರಿಸಿ ಊದಿದೆ.

ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಮುಂದಿನ ಹಲ್ಲಿಲ್ಲದ ಸಂದಿಯಿಂದ ಉಗುಳು ಹಾರಿ ಹಸುವಿನ ಬೆನ್ನ ಮೇಲೆ ಬಿತ್ತು. ಆದರೆ ಅದುರಿತು. ಗಂಟಲಿಗೆ ಏನೂ ಆಗಲಿಲ್ಲ. ಇದಕ್ಕೆ ಗಂಟಲೇ ಬೇಡ! ಹಸು ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿತು. ಯಾರಿದು, ನಮ್ಮೂರ ಮಾತನ್ನು ಇಷ್ಟು ಕೆಟ್ಟದಾಗಿ ಆಡುತ್ತಿರುವುದು ಅನ್ನುವ ಹಾಗೆ. ನೋಡಿಕೊಂಡೇ ಕಾಲನ್ನು ಕೆಳಗಿಟ್ಟಿತು.

ಸೊಸೆ ಬಾಯಿಗೆ ಸೆರಗು ಹಿಡಿದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳಾ ಅಂತ ನೋಡಿದರೆ ನಗುತ್ತಿದ್ದಾಳೆ.

“ಅಂಗಲ್ಲ ಅತ್ತೆ,” ಅಂದಳು. “ತುಟಿ ಬಿಗಿ ಇಡಿಬ್ಯಾಡಿ. ಸಡ್ಲ ಬುಡಿ. ಕೆಳತುಟಿ ಜೋತಾಕ್ಕಬೇಕು. ಇಂಗೆ.”

ಮಾಡಿ ತೋರಿಸಿದಳು. ತೋರಿಸುತ್ತಲೇ ಕುಳಿತಳು, ಕೈ ಹಾಕಿದಳು. ನಾನು ಹಸುವಿನ ಇನ್ನೊಂದು ಪಕ್ಕದಲ್ಲಿ ನಿಂತು ಅದರ ಬೆನ್ನಿಗೆ ಅಂಗೈ ಇಟ್ಟು, ಅವಳು ಉಸಿರು ತೆಗೆದುಕೊಳ್ಳುವ ಕಡೆಯಲ್ಲಿ ನಾನು ಅದುರಿಸಿದೆ. ಮಗಳು ಬಾಗಿಲಲ್ಲಿ ನಿಂತು, “ಶಿವನೇ, ಎಲ್ಡೂ ಸೇರ್ಕಂಡ್ವಲ್ಲ,” ಅಂದದ್ದು ಕೇಳಿಸಿತು. ಸರ್ ಸರ್ ಅಂತ ಹಾಲು ಬಕೆಟ್ಟಿನ ಕಂಠದವರೆಗೆ ಬಂತು. ಕೆಚ್ಚಲು ಒಗೆದ ಬಟ್ಟೆಯ ಹಾಗೆ ಮೆತ್ತಗಾಯಿತು. ಮಗ ಬಂದು ಮೂವರನ್ನೂ ಹಸುವನ್ನೂ ಬಕೆಟ್ಟನ್ನೂ ನೋಡಿ, ಅಂಗಳಕ್ಕೆ ಹೋಗಿ, “ಬಾಮೈದ, ಆಟೋ ಬ್ಯಾಡ ಕಣ್ಲಾ,” ಅಂತ ಫೋನಿನಲ್ಲಿ ಹೇಳಿದ.

ನಾನು ಯಳಂದೂರಿಗೆ ವಾಪಸು ಹೋಗಲಿಲ್ಲ. ಮುಳ್ಳೂರಿನಲ್ಲೇ, ಕೋಳಿ ಕೋತಿ ಎಲ್ಲದರ ನಡುವೆಯೇ ಬಾಯಿ ಮುಚ್ಚಿಕೊಂಡು ಇದ್ದೆ. ಗಂಟಲು ಸರಿಹೋಯಿತು. ಈಗ ಮಾತಾಡುತ್ತೇನೆ, ಡಾಕ್ಟರು ಹೇಳಿದಷ್ಟೇ. ಮಗಳು ಇದನ್ನು ನಂಬುವುದಿಲ್ಲ.

ಆ ಸದ್ದನ್ನು ಬರೆಯುವುದು ಹೇಗೆ ಅಂತ ಮನೆಯವರ ಗ್ರೂಪಿನಲ್ಲಿ ಒಂದು ವಾರ ರಾಮಾಯಣವಾಯಿತು. ಮೊಮ್ಮಗಳು ಇಂಗ್ಲಿಷಿನಲ್ಲಿ ಒಂದು ಬಿ ಹಾಕಿ, ಮುಂದೆ ಆರ್‌ಗಳನ್ನು ಸಾಲಾಗಿ ಬರೆದಳು. ಅದನ್ನು ಓದಿದ ಅವಳ ಗೆಳತಿಯರು ಯಾಕೆ ಚಳಿಯಾಗುತ್ತಿದೆಯಾ ಅಂತ ಕೇಳಿದರಂತೆ. ಮಗ ಪ ಅಂದ, ಮಗಳು ಬ ಅಂದಳು, ಸೊಸೆಯ ಅಣ್ಣ ತಮಿಳಿನಲ್ಲಿ ಬರೆದು, ಪ ಬ ಎರಡಕ್ಕೂ ನಮ್ಮಲ್ಲಿ ಒಂದೇ ಅಕ್ಷರ, ನಿಮಗ್ಯಾಕೆ ಜಗಳ ಅಂದ. ನಾನು ಏನೂ ಬರೆಯಲಿಲ್ಲ. ಬರೆದರೆ ನನ್ನ ಸೊಸೆ ಅದನ್ನೂ ಹಸುವಿನ ಮುಂದೆ ನಿಂತು ಓದುತ್ತಾಳೆ.

ನನ್ನ ಹೊಟ್ಟೆ ಉರಿಸುವುದು ಬೇರೆ. ಗಂಟಲು ಬಂದ ಮೇಲೆ ಒಂದು ಸಂಜೆ ಯಾರೂ ಇಲ್ಲದಾಗ ಕೊಟ್ಟಿಗೆಗೆ ಹೋಗಿ, ಪಕ್ಕೆಗೆ ಹಣೆ ಒತ್ತಿ, ನಮ್ಮತ್ತೆಯ ಗುನುಗನ್ನು ಎದೆ ತುಂಬ ಎಳೆದೆ. ಹಸು ಮೆಲುಕು ಹಾಕುತ್ತಲೇ ಇತ್ತು. ಕಿವಿ ಕೂಡ ಅಲುಗಿಸಲಿಲ್ಲ. ಅಷ್ಟು ಒದೆ ತಿಂದು ಕಲಿಸಿದ್ದು!

ಈಗ ಬೆಳಿಗ್ಗೆ ಸೊಸೆ ಕರೆಯುತ್ತಾಳೆ, ಸಂಜೆ ನಾನು. ತುಟಿ ಜೋತು ಹಾಕಿ ಅದುರಿಸುತ್ತೇನೆ. ಉಗುಳು ಇವತ್ತಿಗೂ ಹಾರುತ್ತದೆ. ಸೊಸೆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಾಳೆ.

“ಇನ್ನೂ ವಸಿ ಉದ್ದುಕ್ಕೆ ಅತ್ತೆ. ಅರ್ಧುಕ್ಕೇ ಬುಡ್ತಾ ಇದ್ದೀರಿ. ಅಸಕ್ಕೆ ತಲೆ ಕೆಡ್ತದೆ.”

ನಾನು ಹೂಂ ಅನ್ನುತ್ತೇನೆ.